ಒಂದು ಸೆಂಟಿಮೀಟರ್ ಚೌಕದ ಕೊಕ್ಕರೆ: ದೋಷ ಎಲ್ಲಿ ಹುಟ್ಟಿತೆಂದು ಪತ್ತೆಹಚ್ಚುವ ಬಗೆ

ಹದಿನೈದು ಸೆಂಟಿಮೀಟರ್ ಬದಿಯ ಕಾಗದದಿಂದ ಜಪಾನಿನ ಸಾಂಪ್ರದಾಯಿಕ ಕೊಕ್ಕರೆಯನ್ನು ಮಾತಾಡುತ್ತಲೇ ಮಡಿಸಿ ಮುಗಿಸುವವರು ಕೂಡ, ಅದೇ ಹಕ್ಕಿಯನ್ನು 2 ಸೆಂ.ಮೀ. ಚೌಕಕ್ಕೆ, ಅಲ್ಲಿಂದ 1 ಸೆಂ.ಮೀ. ಚೌಕಕ್ಕೆ ಇಳಿಸಿದಾಗ ತಡವರಿಸುತ್ತಾರೆ. ಕೊಕ್ಕು ಎರಡಾಗಿ ಕವಲೊಡೆಯುತ್ತದೆ, ಕತ್ತು ನಿಲ್ಲದೆ ಬಿಚ್ಚಿಕೊಳ್ಳುತ್ತದೆ, ಬೆನ್ನಿನ ಮೇಲೆ ತೂತು ಬೀಳುತ್ತದೆ, ಒಂದು ರೆಕ್ಕೆ ಏರಿ ಇನ್ನೊಂದು ಇಳಿಯುತ್ತದೆ. ಇವೆಲ್ಲವೂ ಕೊನೆಯ ಎರಡು ಮೂರು ಮಡಿಕೆಗಳಲ್ಲಿ ಕಣ್ಣಿಗೆ ಬೀಳುವುದರಿಂದ ಮಡಿಸುವವರು ಆ ಮಡಿಕೆಗಳನ್ನೇ ಮತ್ತೆ ಮತ್ತೆ ತಿದ್ದಲು ಹೋಗುತ್ತಾರೆ. ತಿದ್ದಿದಷ್ಟೂ ಕಾಗದ ಹಣ್ಣಾಗಿ ಹಕ್ಕಿ ಕೈಯಲ್ಲೇ ಚೂರಾಗುತ್ತದೆ. ಕಿರುಹಕ್ಕಿಯ ವಿಷಯದಲ್ಲಿ ದೋಷ ಕಾಣಿಸುವ ಹಂತ ಒಂದು, ಹುಟ್ಟುವ ಹಂತ ಇನ್ನೊಂದು. ಆದ್ದರಿಂದ ಈ ಕೈಪಿಡಿಯ ಕ್ರಮ ಹಿಮ್ಮುಖವಾದುದು: ಕೊಕ್ಕಿನಿಂದ ಹೊರಟು, ಮಡಿಕೆಗಳ ಮೂಲಕ ಹಿಂದಕ್ಕೆ ನಡೆದು, ಕತ್ತರಿಸಿದ ಚೌಕದವರೆಗೆ, ಬೇಕಾದರೆ ಕಾಗದ ಕೊಂಡ ಅಂಗಡಿಯವರೆಗೆ ಹೋಗಬೇಕು.

ಹಂತಗಳ ಹೆಸರುಗಳನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಚೌಕಕ್ಕೆ ಎರಡು ಕರ್ಣಗಳನ್ನೂ ಎರಡು ನಡುಗೆರೆಗಳನ್ನೂ ಹಾಕಿ, ನಾಲ್ಕು ಮೂಲೆಗಳು ಒಂದೆಡೆ ಸೇರುವಂತೆ ಒಳಕ್ಕೆ ಕುಗ್ಗಿಸಿದಾಗ ಸಿಗುವ ಚಿಕ್ಕ ಚೌಕವನ್ನು ಚೌಕ ತಳ ಎನ್ನೋಣ. ಅದರ ತೆರೆದ ಮೂಲೆಯ ಎರಡು ಅಂಚುಗಳನ್ನು ನಡುಗೆರೆಗೆ ತಂದು ಗಾಳಿಪಟದ ಆಕಾರ ಮಾಡಿ, ಬಿಚ್ಚಿ, ಮೇಲಿನ ಒಂದು ಪದರವನ್ನು ಎತ್ತಿ ಉದ್ದಕ್ಕೆ ಚಪ್ಪಟೆ ಮಾಡುವುದು ದಳ ಮಡಿಕೆ. ಇದನ್ನು ಹಿಂದೆ ಮುಂದೆ ಎರಡೂ ಕಡೆ ಮಾಡಿದರೆ ವಜ್ರದ ಆಕಾರದ ಹಕ್ಕಿ ತಳ ಸಿದ್ಧವಾಗುತ್ತದೆ. ಅದರ ಕೆಳಗಿನ ಎರಡು ಕವಲುಗಳಲ್ಲಿ ಒಂದು ಕತ್ತಾಗುತ್ತದೆ, ಇನ್ನೊಂದು ಬಾಲ. ಮೇಲಿನ ಎರಡು ಹಾಳೆಗಳು ರೆಕ್ಕೆಗಳು. ಅವುಗಳ ನಡುವೆ ಅಡಗಿರುವ ತ್ರಿಕೋನದ ತುದಿ, ಅಂದರೆ ಮೂಲ ಚೌಕದ ಕೇಂದ್ರ, ಹಕ್ಕಿಯ ಬೆನ್ನು. ಕವಲುಗಳನ್ನು ಇನ್ನೊಮ್ಮೆ ಕಿರಿದಾಗಿಸಿ, ಪದರಗಳ ನಡುವಿನಿಂದ ಮೇಲಕ್ಕೆ ತಿರುಗಿಸುವುದು ಒಳತಿರುವು ಮಡಿಕೆ. ಕತ್ತಿನ ತುದಿಯನ್ನು ಇದೇ ರೀತಿ ಮತ್ತೊಮ್ಮೆ ತಿರುವಿದರೆ ತಲೆ ಬರುತ್ತದೆ; ರೆಕ್ಕೆಗಳನ್ನು ಇಳಿಸಿದರೆ ಕೆಲಸ ಮುಗಿಯಿತು.

ಮೊದಲ ಪರೀಕ್ಷೆ: ತಪ್ಪು ವಿಧಾನದ್ದೋ ಗಾತ್ರದ್ದೋ

ಕೆಟ್ಟ ಹಕ್ಕಿಯನ್ನು ಎಸೆಯಬಾರದು. ಅದನ್ನು ಪಕ್ಕದಲ್ಲಿಟ್ಟುಕೊಂಡು, ಸಾಧ್ಯವಾದರೆ ಅದೇ ಹಾಳೆಯಿಂದ, 15 ಸೆಂ.ಮೀ. ಚೌಕ ಕತ್ತರಿಸಿ ದೊಡ್ಡ ಹಕ್ಕಿಯೊಂದನ್ನು ಮಡಿಸಬೇಕು. ದೊಡ್ಡದರಲ್ಲೂ ಅದೇ ದೋಷ ಸಣ್ಣದಾಗಿಯಾದರೂ ಕಂಡರೆ ತಪ್ಪು ವಿಧಾನದ್ದು. ಕೈಗೆ ಅಂಟಿದ ಯಾವುದೋ ಅಭ್ಯಾಸ ದೊಡ್ಡ ಕಾಗದದಲ್ಲಿ ಕ್ಷಮೆ ಪಡೆದು ಸಣ್ಣದರಲ್ಲಿ ಶಿಕ್ಷೆ ಪಡೆಯುತ್ತಿದೆ ಎಂದರ್ಥ. ದೊಡ್ಡದು ನಿರ್ದೋಷವಾಗಿದ್ದರೆ ಕಾಗದದ ದಪ್ಪ, ಕತ್ತರಿಸಿದ ಬಗೆ, ಉಪಕರಣ, ಹವೆ ಇವುಗಳಲ್ಲೊಂದು ಕಾರಣ. ಯಾವುದೆಂದು ತಿಳಿಯಲು ಬದಿಯನ್ನು ಅರ್ಧರ್ಧ ಇಳಿಸುತ್ತಾ ಬರಬೇಕು: 15, 7.5, 4, 2, 1 ಸೆಂ.ಮೀ. ದೋಷ ಮೊದಲು ತಲೆದೋರುವ ಗಾತ್ರ ಯಾವುದೋ ಅಲ್ಲೇ ನಿಂತು ಪರಿಶೀಲಿಸುವುದು ಸುಲಭ, 4 ಸೆಂ.ಮೀ. ಹಕ್ಕಿಯಲ್ಲಿ ಬರಿಗಣ್ಣಿಗೆ ಕಾಣುವ ತಪ್ಪು 1 ಸೆಂ.ಮೀ. ಹಕ್ಕಿಯಲ್ಲಿ ಭೂತಗನ್ನಡಿಗೂ ಸಿಗದೆ ಹೋಗಬಹುದು.

ಎರಡನೆಯ ಕೆಲಸ, ಕೆಟ್ಟ ಹಕ್ಕಿಯನ್ನು ಮೆಲ್ಲಗೆ ಬಿಚ್ಚಿ, ಕರಿಯ ರಟ್ಟಿನ ಮೇಲೆ ಹರಡಿ, ಪಕ್ಕದಿಂದ ಬೆಳಕು ಬೀಳುವಂತೆ ಮಾಡಿ ಗೆರೆಗಳನ್ನು ಓದುವುದು. ಎರಡು ಜಾಗಗಳನ್ನು ನೋಡಿದರೆ ಸಾಕು. ಚೌಕದ ಕೇಂದ್ರದಲ್ಲಿ ನಾಲ್ಕು ಗೆರೆಗಳು ಒಂದೇ ಬಿಂದುವಿನಲ್ಲಿ ಛೇದಿಸಿರಬೇಕು. ಕತ್ತಾಗಿದ್ದ ಮೂಲೆಯಿಂದ ಏಳು ಗೆರೆಗಳು ಬೀಸಣಿಗೆಯಂತೆ ಹೊರಟು, 90 ಡಿಗ್ರಿಯ ಮೂಲೆಯನ್ನು ಎಂಟು ಸಮಭಾಗ ಮಾಡಿರಬೇಕು. ಕೇಂದ್ರದಲ್ಲಿ ಗೆರೆಗಳು ಬಿಂದುವಿನ ಬದಲು ಪುಟ್ಟ ತ್ರಿಕೋನವನ್ನು ಬಿಡಿಸಿದ್ದರೆ ದೋಷ ಚೌಕದ್ದು ಅಥವಾ ಮೊದಲ ಮಡಿಕೆಗಳದ್ದು. ಬೀಸಣಿಗೆಯ ಗೆರೆಗಳು ಮೂಲೆಯ ತುದಿಗೆ ಬಾರದೆ ಅಂಚಿಗೆ ಜಾರಿದ್ದರೆ ದೋಷ ಗಾಳಿಪಟದ ಹಂತದ್ದು. ಇಷ್ಟು ಗೊತ್ತಾದ ಮೇಲೆ ಮುಂದಿನ ಭಾಗಗಳಲ್ಲಿ ಬೇಕಾದುದನ್ನು ಮಾತ್ರ ಓದಿಕೊಂಡರೂ ನಡೆಯುತ್ತದೆ.

ಕತ್ತು ದಪ್ಪಗಾಗುವುದು, ನಿಲ್ಲದೆ ಬಿಚ್ಚಿಕೊಳ್ಳುವುದು

ಅತಿ ಹೆಚ್ಚು ಕೇಳಿಬರುವ ದೂರು ಇದು. ಇದರ ಮೂಲ ಬಹುಪಾಲು ಕಾಗದದ ದಪ್ಪದಲ್ಲಿದೆ. ಲೆಕ್ಕ ಸರಳವಾಗಿದೆ. ರೆಕ್ಕೆಯ ತುದಿಯಲ್ಲಿ ಕಾಗದದ ಪದರಗಳು ಎರಡು. ಕತ್ತಿನಲ್ಲಿ ಅವು ಎಂಟು, ಏಕೆಂದರೆ ಒಂದೇ ಮೂಲೆ ಎಂಟು ಪಾಲಾಗಿ ಒಂದರ ಮೇಲೊಂದು ಕುಳಿತಿದೆ. ತಲೆ ತಿರುವುವಲ್ಲಿ ಆ ಎಂಟರ ನಡುವೆ ಇನ್ನೆಂಟು ನುಗ್ಗುತ್ತವೆ. ಇನ್ನು ಅಗಲದ ಮಾತು: ಹಕ್ಕಿ ತಳದ ಕವಲಿನ ಉದ್ದ ಚೌಕದ ಬದಿಯ ಅರ್ಧದಷ್ಟು, ಕಿರಿದಾಗಿಸಿದ ಮೇಲೆ ಬುಡದಲ್ಲಿ ಅದರ ಅಗಲ ಬದಿಯ ಹತ್ತನೆಯ ಒಂದರಷ್ಟು. ಹಾಗಾದರೆ 1 ಸೆಂ.ಮೀ. ಚೌಕದಲ್ಲಿ ಕತ್ತಿನ ಬುಡ 1 ಮಿ.ಮೀ. ಅಗಲವಿರುತ್ತದೆ. ಜೆರಾಕ್ಸ್ ಅಂಗಡಿಯ 80 ಜಿ.ಎಸ್.ಎಂ. (ಚದರ ಮೀಟರಿಗೆ 80 ಗ್ರಾಂ ತೂಗುವ) ಹಾಳೆಯ ದಪ್ಪ ಸುಮಾರು 0.1 ಮಿ.ಮೀ.; ಎಂಟು ಪದರಕ್ಕೆ 0.8 ಮಿ.ಮೀ. ಒಂದು ಮಿಲಿಮೀಟರ್ ಅಗಲ, ಮುಕ್ಕಾಲು ಮಿಲಿಮೀಟರಿಗೂ ಮಿಕ್ಕಿದ ದಪ್ಪ: ಇದು ಮಡಿಕೆಯಾಗಿ ಉಳಿಯದೆ ಕಡ್ಡಿಯಾಗಿಬಿಡುತ್ತದೆ. ಕಡ್ಡಿಯನ್ನು ಎಷ್ಟು ಒತ್ತಿದರೂ ಅದು ಸೆಟೆದು ಬಿಚ್ಚಿಕೊಳ್ಳುವುದು ಸಹಜವೇ ಆಗಿದೆ, ಕೈಚಳಕದ ಕೊರತೆಯೆಂದು ಯಾರೂ ನೊಂದುಕೊಳ್ಳಬೇಕಿಲ್ಲ.

ಕತ್ತಿನ ಬುಡದ ಅಗಲ ಅದರ ದಪ್ಪದ ಮೂರು ಪಟ್ಟಾದರೂ ಇರಬೇಕೆಂಬುದು ನನ್ನ ಅಂದಾಜು. ಅದರ ಪ್ರಕಾರ ಚೌಕದ ಬದಿ ಕಾಗದದ ದಪ್ಪದ 240 ಪಟ್ಟಿಗಿಂತ ಕಡಿಮೆಯಾಗಬಾರದು. 0.1 ಮಿ.ಮೀ. ದಪ್ಪದ ಹಾಳೆಗೆ ಈ ಮಿತಿ 2.4 ಸೆಂ.ಮೀ.ಗೆ ಬಂದು ನಿಲ್ಲುತ್ತದೆ. ಬಟ್ಟೆ, ಗಾಜಿನ ಸಾಮಾನು ಸುತ್ತಿ ಕೊಡುವ ಟಿಶ್ಯೂ ಕಾಗದ 0.03 ಮಿ.ಮೀ. ಆಸುಪಾಸು ಇರುವುದರಿಂದ ಅದರಲ್ಲಿ 7 ಅಥವಾ 8 ಮಿ.ಮೀ. ಚೌಕದವರೆಗೂ ಇಳಿಯಬಹುದು. ಮಿತಿಗಿಂತ ಕೆಳಗೆ ಹೋಗುವುದು ಅಸಾಧ್ಯವೇನಲ್ಲ. ಆದರೆ ಅಲ್ಲಿ ಪ್ರತಿ ಮಿಲಿಮೀಟರಿಗೂ ಶ್ರಮ ಇಮ್ಮಡಿಯಾಗುತ್ತದೆ, ಕಲಿಯುವವರು ಅಲ್ಲಿಂದ ಆರಂಭಿಸಬಾರದು.

ದಪ್ಪ ಅಳೆಯಲು ಸೂಕ್ಷ್ಮಮಾಪಕ ಬೇಕಿಲ್ಲ. ಐನೂರು ಹಾಳೆಯ ಕಟ್ಟು ಸುಮಾರು 5 ಸೆಂ.ಮೀ. ಎತ್ತರವಿದ್ದರೆ ಒಂದು ಹಾಳೆ 0.1 ಮಿ.ಮೀ. ಆಯಿತು. ತೆಳುವಾದ ಕಾಗದವಾದರೆ ನೂರು ತುಂಡುಗಳನ್ನು ಜೋಡಿಸಿ, ಎರಡು ಗಾಜಿನ ನಡುವೆ ಗಟ್ಟಿಯಾಗಿ ಒತ್ತಿ ಹಿಡಿದು ಸ್ಕೇಲಿನಿಂದ ಅಳೆದು ಭಾಗಿಸಬೇಕು. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಅಂಗಡಿಗಳಲ್ಲಿ ಬಣ್ಣದ ಕಾಗದ ಎಂದು ಕೇಳಿದರೆ ಶಾಲೆಯ ಕರಕುಶಲ ಕೆಲಸದ ದಪ್ಪ ಹಾಳೆಯನ್ನೇ ಮುಂದಿಡುವುದುಂಟು. ಗಾಳಿಪಟದ ಕಾಗದ ಬೇಕೆಂದು, ಟಿಶ್ಯೂ ಬೇಕೆಂದು ಸ್ಪಷ್ಟವಾಗಿ ಹೇಳಿ, ಒಂದು ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿ ಕೊಳ್ಳುವುದು ಒಳ್ಳೆಯದು. ಹಿಂದಿನ ಕೈಯ ಬೆರಳು ಕಾಗದದ ಮೂಲಕ ಮಸುಕಾಗಿ ಕಂಡರೆ ಕೊಳ್ಳಲು ಯೋಗ್ಯ.

ಹಿರೋಶಿಮಾದ ಬಾಂಬಿನ ವಿಕಿರಣದಿಂದ ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ 1955ರಲ್ಲಿ ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ಸದಾಕೊ ಸಸಾಕಿ ಆಸ್ಪತ್ರೆಯಲ್ಲಿ ಮಡಿಸಿದ ಕೊಕ್ಕರೆಗಳಲ್ಲಿ ಕೆಲವು ಬಹಳ ಚಿಕ್ಕವು. ಅವನ್ನು ಆಕೆ ಸೂಜಿಯ ನೆರವಿನಿಂದ ಮಡಿಸುತ್ತಿದ್ದಳು. ಔಷಧಿ ಸುತ್ತಿ ಬರುತ್ತಿದ್ದ ಕಾಗದವನ್ನೂ ಆಕೆ ಬಳಸಿದ್ದಳು. ಸೂಜಿಯ ಸಂಗತಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಕಾಗದದ ಸಂಗತಿಯನ್ನು ಮರೆಯುತ್ತಾರೆ. ದಪ್ಪ ಹಾಳೆಯ ಮುಂದೆ ಸೂಜಿಯೂ ಸೋಲುತ್ತದೆ.

ಕಾಗದ ತೆಳುವಾಗಿದ್ದೂ ಕತ್ತು ನಿಲ್ಲುತ್ತಿಲ್ಲವಾದರೆ ಅದು ಬೇರೆ ದೋಷ: ಕಾಗದಕ್ಕೆ ಬಿಗಿಯಿಲ್ಲ. ಟಿಶ್ಯೂವಿನ ಎಳೆಗಳು ಸಡಿಲವಾಗಿರುವುದರಿಂದ ಮಡಿಕೆಯ ಗೆರೆ ಅದರಲ್ಲಿ ಆಳವಾಗಿ ಕೂರುವುದಿಲ್ಲ. ಇದಕ್ಕೆ ಪರಿಹಾರ ಗಂಜಿ. ಕಾಗದ ಮಡಿಸುವವರು ಸಾಮಾನ್ಯವಾಗಿ ಮೀಥೈಲ್ ಸೆಲ್ಯುಲೋಸ್ ಎಂಬ ಪುಡಿಯನ್ನು ನೀರಿನಲ್ಲಿ ಕದಡಿ ಬಳಸುತ್ತಾರೆ. ಅದು ಸಿಗದಿದ್ದರೆ ಹತ್ತಿ ಸೀರೆಗೆ ಹಾಕುವ ಸಬ್ಬಕ್ಕಿಯ ಗಂಜಿಯನ್ನೇ ನೀರಿನಷ್ಟು ತೆಳುವಾಗಿ ಸೋಸಿ, ಗಾಜಿನ ಮೇಲೆ ಹರಡಿದ ಟಿಶ್ಯೂಗೆ ಅಗಲ ಬ್ರಷ್‌ನಿಂದ ಒಂದೇ ಸಲ ಎಳೆದು ಒಣಗಿಸಿದರೆ ಕಾಗದ ಗರಿಗರಿಯಾಗುತ್ತದೆ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ಇದನ್ನು ವಿವರಿಸುವುದು ಕಷ್ಟವಲ್ಲ, ಮಗ್ಗಕ್ಕೆ ಏರುವ ಹಾಸಿನ ನೂಲಿಗೂ ತುಂಡಾಗದಿರಲೆಂದು ಗಂಜಿಯನ್ನೇ ಉಣಿಸುತ್ತಾರೆ. ಗಂಜಿ ದಪ್ಪವಾದರೆ ಕಾಗದದ ದಪ್ಪವೂ ಹೆಚ್ಚಿ ಮೊದಲಿನ ತೊಂದರೆ ಮರಳುತ್ತದೆ. ಒಣಗಿದ ಹಾಳೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಸಣ್ಣ ಸದ್ದು ಬರಬೇಕು, ಬಾಗಿಸಿದರೆ ಬಿರುಕು ಬಿಡಬಾರದು.

ಇಲ್ಲಿ ಒಂದು ಎಚ್ಚರಿಕೆ. ಆಧುನಿಕ ಒರಿಗಾಮಿಗೆ, ಅಂದರೆ ಜಪಾನಿನ ಕಾಗದ ಮಡಿಸುವ ಕಲೆಗೆ, ಘನತೆ ತಂದುಕೊಟ್ಟ ಅಕಿರಾ ಯೊಶಿಜಾವಾ (1911–2005) ಕಾಗದವನ್ನು ತೇವಗೊಳಿಸಿ ಮಡಿಸುವ ಕ್ರಮವನ್ನು ರೂಢಿಗೆ ತಂದರು. ಇದನ್ನು ಓದಿದವರು ಕಿರುಹಕ್ಕಿಗೂ ನೀರು ಚಿಮುಕಿಸಿ ನೋಡುತ್ತಾರೆ, ಟಿಶ್ಯೂ ಕೈಯಲ್ಲೇ ಕರಗುತ್ತದೆ. ಆ ಕ್ರಮ ಗಂಜಿ ಸೇರಿದ ದಪ್ಪ ಕಾಗದವನ್ನು ಮೃದುವಾಗಿ ಬಾಗಿಸಲು ಹುಟ್ಟಿದ್ದು. ಸೆಂಟಿಮೀಟರ್ ಚೌಕಕ್ಕೆ ಅದರ ಅಗತ್ಯವೂ ಇಲ್ಲ, ಅನುಕೂಲವೂ ಇಲ್ಲ.

ಮೂಲೆಗಳು ಸೇರದಿರುವುದು

ಚೌಕ ತಳ ಮಾಡಿದಾಗ ನಾಲ್ಕು ಮೂಲೆಗಳು ಒಂದರ ಮೇಲೊಂದು ಕೂರದೆ ಮೆಟ್ಟಿಲಿನಂತೆ ಕಂಡರೆ ಅಲ್ಲೇ ನಿಲ್ಲಿಸಬೇಕು. ಕತ್ತರಿಸುವಾಗ ಅರ್ಧ ಮಿಲಿಮೀಟರ್ ತಪ್ಪಿದರೆ 15 ಸೆಂ.ಮೀ. ಚೌಕದಲ್ಲಿ ಅದು ಮುನ್ನೂರರಲ್ಲಿ ಒಂದು ಪಾಲು, 1 ಸೆಂ.ಮೀ. ಚೌಕದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು. ಆ ತಪ್ಪನ್ನು ಮುಂದಿನ ಯಾವ ಮಡಿಕೆಯೂ ನುಂಗಿಕೊಳ್ಳಲಾರದು.

ಚೌಕ ಸರಿಯಿದೆಯೇ ಎಂದು ನೋಡಲು ಎರಡು ಮಡಿಕೆಗಳೂ ಬೇಕು, ಒಂದರಿಂದ ಮೋಸ ಹೋಗುತ್ತೇವೆ. ಅಂಚಿಗೆ ಅಂಚು ಸೇರಿಸಿ ಮಡಿಸಿದರೆ ಆಯತವೂ ಸರಿಯಾಗಿ ಕೂರುತ್ತದೆ, ಆದ್ದರಿಂದ ಬದಿಗಳು ಅಸಮವಾಗಿರುವುದು ಅದರಲ್ಲಿ ಗೊತ್ತಾಗುವುದಿಲ್ಲ. ಮೂಲೆಗೆ ಮೂಲೆ ಸೇರಿಸಿ ಕರ್ಣದ ಮೇಲೆ ಮಡಿಸಿದರೆ ಓರೆಯಾದ ಸಮಬಾಹು ಆಕೃತಿಯೂ ಸರಿಯಾಗಿ ಕೂರುತ್ತದೆ, ಆದ್ದರಿಂದ ಕೋನ ತಪ್ಪಿರುವುದು ಅದರಲ್ಲಿ ಅಡಗುತ್ತದೆ. ಎರಡೂ ರೀತಿ ಮಡಿಸಿ ಎರಡರಲ್ಲೂ ಪಾಸಾದದ್ದು ಮಾತ್ರ ಚೌಕ. ಅಂಚಿನ ಪರೀಕ್ಷೆಯಲ್ಲಿ ಗೆದ್ದು ಕರ್ಣದಲ್ಲಿ ಸೋತರೆ ಅಳತೆ ತಪ್ಪಿದೆ. ಕರ್ಣದಲ್ಲಿ ಗೆದ್ದು ಅಂಚಿನಲ್ಲಿ ಸೋತರೆ ಸ್ಕೇಲು ಓರೆಯಾಗಿತ್ತು.

ಚಿಕ್ಕ ಚೌಕಗಳನ್ನು ಕತ್ತರಿಯಿಂದ ಕತ್ತರಿಸಲೇಬಾರದು; ಕತ್ತರಿಯ ಎರಡು ಅಲಗುಗಳು ಕಾಗದವನ್ನು ಮುಂದಕ್ಕೆ ತಳ್ಳಿ ಅಂಚನ್ನು ಬಾಗಿಸುತ್ತವೆ. ಉಕ್ಕಿನ ಸ್ಕೇಲು, ಹೊಸ ಬ್ಲೇಡು, ಅಡಿಯಲ್ಲಿ ಹಳೆಯ ರಟ್ಟು ಇದ್ದರೆ ಸಾಕು. ಟಿಶ್ಯೂ ಒಂಟಿಯಾಗಿದ್ದರೆ ಬ್ಲೇಡಿನ ಜೊತೆ ಎಳೆದುಕೊಂಡು ಹೋಗಿ ಅಂಚು ಪಿಸಿಯುತ್ತದೆ, ಅದನ್ನು ಎರಡು ಸಾಮಾನ್ಯ ಹಾಳೆಗಳ ನಡುವೆ ಇಟ್ಟು ಮೂರನ್ನೂ ಒಟ್ಟಿಗೆ ಕತ್ತರಿಸಬೇಕು. ಮೊದಲು ಉದ್ದನೆಯ ಪಟ್ಟಿ, ಆಮೇಲೆ ಪಟ್ಟಿಯನ್ನು ಅಡ್ಡಕ್ಕೆ ತುಂಡರಿಸಿ ಚೌಕ. ಪಟ್ಟಿಯ ಅಗಲದಷ್ಟೇ ದೂರಕ್ಕೆ ಎರಡನೆಯ ಗುರುತು ಹಾಕಲು ಅಳತೆಯ ಬದಲು ಪಟ್ಟಿಯ ಇನ್ನೊಂದು ತುಂಡನ್ನೇ ಅಡ್ಡಲಾಗಿ ಇಟ್ಟುಕೊಂಡರೆ ಸ್ಕೇಲಿನ ಗೆರೆ ಓದುವ ತಪ್ಪು ತಪ್ಪುತ್ತದೆ.

ಸೀಳಿದ ಕೊಕ್ಕು, ಮೊಂಡಾದ ಕೊಕ್ಕು

ಕೊಕ್ಕು ಮೂಲ ಚೌಕದ ಒಂದೇ ಮೂಲೆಯಿಂದ ಆಗಿರುವುದರಿಂದ ಎರಡು ಮೂಲೆಗಳು ಸೇರದೆ ಸೀಳಿತು ಎನ್ನುವ ವಿವರಣೆ ನಿಲ್ಲುವುದಿಲ್ಲ. ನಿಜವಾದ ಕಾರಣ ಬೀಸಣಿಗೆಯ ಗೆರೆಗಳಲ್ಲಿದೆ. ಗಾಳಿಪಟದ ಹಂತದಲ್ಲಿ ಒಂದು ಅಂಚು ನಡುಗೆರೆಯನ್ನು ಕೂದಲೆಳೆಯಷ್ಟು ದಾಟಿದರೂ ಗೆರೆ ಮೂಲೆಯ ತುದಿಯಿಂದ ಹೊರಡುವ ಬದಲು ಪಕ್ಕದ ಅಂಚಿನಿಂದ ಹೊರಡುತ್ತದೆ. ಹಾಗಾದಾಗ ಎಂಟು ಪದರಗಳಿಗೆ ಒಂದೇ ತುದಿ ಸಿಗದೆ ಎರಡು ತುದಿಗಳು ಮೂಡುತ್ತವೆ. ದೊಡ್ಡ ಹಕ್ಕಿಯಲ್ಲಿ ಇವೆರಡೂ ಒಂದಕ್ಕೊಂದು ಅಂಟಿಕೊಂಡು ಕಾಣದೆ ಹೋಗುತ್ತವೆ, ಕಿರುಹಕ್ಕಿಯಲ್ಲಿ ಕೊಕ್ಕಿನ ಉದ್ದವೇ ಒಂದು ಮಿಲಿಮೀಟರ್ ಆಗಿರುವುದರಿಂದ ತಲೆ ಬಾಯಿ ತೆರೆದಂತೆ ಕಾಣುತ್ತದೆ.

ಪರಿಹಾರಕ್ಕಾಗಿ ಮಡಿಕೆಯನ್ನು ತುದಿಯಿಂದ ಆರಂಭಿಸಬೇಕು. ಹೆಚ್ಚಿನವರು ಅಂಚನ್ನು ನಡುವಿನಲ್ಲಿ ಹಿಡಿದು ಒತ್ತಿ ಆಮೇಲೆ ತುದಿಯತ್ತ ಸವರುತ್ತಾರೆ, ಅಷ್ಟರಲ್ಲಿ ತುದಿ ಎಲ್ಲಿ ಬೇಕಾದರೂ ಹೋಗಿ ಕೂತಿರುತ್ತದೆ. ಬದಲಿಗೆ ಚಿಮುಟದಿಂದ ತೆರೆದ ಮೂಲೆಯ ತುದಿಯನ್ನು ಹಿಡಿದು, ಅಲ್ಲಿ ಮೊದಲು ಚಿವುಟಿ, ಗೆರೆಯನ್ನು ಅಗಲದ ಕಡೆಗೆ ಎಳೆಯಬೇಕು. ಅಂಚು ನಡುಗೆರೆಯನ್ನು ಮುಟ್ಟದೆ ಒಂದು ಎಳೆಯಷ್ಟು ಜಾಗ ಉಳಿಯಲಿ. ಕವಲನ್ನು ಕಿರಿದಾಗಿಸುವ ಎರಡನೆಯ ಮಡಿಕೆಯಲ್ಲಿ ಈ ಜಾಗ ಇನ್ನೂ ಮುಖ್ಯ, ಏಕೆಂದರೆ ಒಳತಿರುವು ಮಾಡುವಾಗ ಕವಲು ತನ್ನ ನಡುವಿನಲ್ಲೇ ಎರಡಾಗಿ ಮಡಚಿಕೊಳ್ಳಬೇಕು. ಅಂಚುಗಳು ನಡುವಿನಲ್ಲಿ ಒಂದನ್ನೊಂದು ಏರಿದ್ದರೆ ಅವು ಅಲ್ಲಿ ಸಿಕ್ಕಿಕೊಂಡು ಕತ್ತು ಸೊಟ್ಟಗಾಗುತ್ತದೆ ಅಥವಾ ಬುಡದಲ್ಲಿ ಹರಿಯುತ್ತದೆ. ತುದಿಯಲ್ಲಿ ನಿಖರತೆ, ಬುಡದಲ್ಲಿ ಸಡಿಲ ಎಂಬುದನ್ನು ಕೈಗೆ ಕಲಿಸಬೇಕಾದೀತು.

ಕೊಕ್ಕು ಸೀಳದೆ ಮೊಂಡಾಗಿದ್ದರೆ, ತುದಿ ನಾರುನಾರಾಗಿದ್ದರೆ, ಬಿಚ್ಚಿದ ಹಾಳೆಯ ಆ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸಾಮಾನ್ಯವಾಗಿ ಬ್ಲೇಡು ಬಿಟ್ಟ ಪಿಸಿರು ಕಾಣುತ್ತದೆ. ನಾಲ್ಕು ಮೂಲೆಗಳಲ್ಲಿ ಚೊಕ್ಕಟವಾದ ಒಂದನ್ನು ಮೊದಲೇ ಆರಿಸಿ, ಅದು ಕತ್ತಿಗೆ ಬರುವಂತೆ ನೋಡಿಕೊಳ್ಳುವುದು ಸುಲಭ ಉಪಾಯ. ಅದರ ಎದುರು ಮೂಲೆ ಬಾಲಕ್ಕೆ ಹೋಗುತ್ತದೆ, ಬಾಲದ ತುದಿಯನ್ನು ಯಾರೂ ಅಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ.

ತಲೆಯೇ ತಿರುಗುತ್ತಿಲ್ಲ ಎನ್ನುವವರು ಕ್ರಮವನ್ನು ಬದಲಿಸಿ ನೋಡಬೇಕು. ದೊಡ್ಡ ಹಕ್ಕಿಯಲ್ಲಿ ಕತ್ತನ್ನು ಎತ್ತಿದ ಮೇಲೆ ತಲೆ ಮಾಡುತ್ತೇವೆ. ಚಿಕ್ಕದರಲ್ಲಿ ಕವಲುಗಳು ಇನ್ನೂ ಚಪ್ಪಟೆಯಾಗಿರುವಾಗಲೇ ತುದಿಯನ್ನು ತಲೆಯಷ್ಟು ಉದ್ದಕ್ಕೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮಡಿಸಿ ಗೆರೆ ಹಾಕಿಟ್ಟರೆ, ಆಮೇಲೆ ಮೊಂಡು ಸೂಜಿಯಿಂದ ಕತ್ತಿನ ಬೆನ್ನನ್ನು ತುಸು ತೆರೆದು ತುದಿಯನ್ನು ಒತ್ತಿದಾಗ ಅದು ತಾನಾಗಿ ಒಳಗೆ ಬೀಳುತ್ತದೆ. ಗೆರೆಯಿಲ್ಲದ ಎಂಟು ಪದರಗಳನ್ನು ಗಾಳಿಯಲ್ಲಿ ಹಿಡಿದು ತಿರುವುವುದು ಅನುಭವಿಗಳಿಗೂ ಆಗದ ಕೆಲಸ.

ಬೆನ್ನಿನ ತೂತು

ನಾಲ್ಕು ಗೆರೆಗಳೂ ಕೇಂದ್ರದಲ್ಲಿ ಕೂಡುವುದರಿಂದ ಕಾಗದ ಅತಿ ಹೆಚ್ಚು ಸವೆಯುವ ಬಿಂದು ಅದೇ. ಅಲ್ಲಿ ತೂತು ಕಾಣಿಸಿದರೆ ಮೊದಲ ಪ್ರಶ್ನೆ: ನಾಲ್ಕು ಗೆರೆಗಳನ್ನೂ ಎರಡೂ ದಿಕ್ಕಿಗೆ ಮಡಿಸಿದ್ದೀರಾ? ಹಾಗೆ ಮಾಡಿದರೆ ಕುಗ್ಗಿಸುವುದು ಸುಲಭವಾಗುತ್ತದೆ ಎಂದು ಕಲಿಸುವುದುಂಟು, ದೊಡ್ಡ ಕಾಗದಕ್ಕೆ ಅದು ಸರಿ. ಕಿರುಚೌಕದಲ್ಲಿ ಕರ್ಣಗಳು ಒಂದು ದಿಕ್ಕಿಗೆ, ನಡುಗೆರೆಗಳು ಅದರ ವಿರುದ್ಧ ದಿಕ್ಕಿಗೆ, ತಲಾ ಒಂದೇ ಸಲ ಮಡಿಸಬೇಕು; ಕೇಂದ್ರದ ಮೇಲೆ ಉಗುರು ಎಳೆಯಬಾರದು, ಅಂಚುಗಳ ಕಡೆಗಷ್ಟೇ ಒತ್ತಬೇಕು. ಎರಡನೆಯ ಕಾರಣ ಹಕ್ಕಿಯನ್ನು ಉಬ್ಬಿಸುವ ಅಭ್ಯಾಸ. ದೊಡ್ಡ ಕೊಕ್ಕರೆಯ ರೆಕ್ಕೆಗಳೆರಡನ್ನೂ ಹಿಡಿದು ಎಳೆದು ಬೆನ್ನನ್ನು ಉಬ್ಬಿಸುತ್ತೇವೆ. ಸೆಂಟಿಮೀಟರ್ ಹಕ್ಕಿಯಲ್ಲಿ ಆ ಎಳೆತ ನೇರವಾಗಿ ಕೇಂದ್ರಕ್ಕೆ ಬೀಳುತ್ತದೆ. ಉಬ್ಬಿಸಲೇಬೇಕೆಂದಿದ್ದರೆ ಹೊಟ್ಟೆಯ ಅಡಿಯ ಸಂದಿನಿಂದ ಮೊಂಡು ಸೂಜಿ ತೂರಿಸಿ ಮೆಲ್ಲಗೆ ಮೇಲಕ್ಕೊತ್ತಬಹುದು. ಚಪ್ಪಟೆಯಾಗಿಯೇ ಬಿಟ್ಟರೂ ಮಂಡಕ್ಕಿ ಕಾಳಿನಷ್ಟು ಹಕ್ಕಿಯ ಬೆನ್ನು ಉಬ್ಬಿದೆಯೇ ಎಂದು ಕೇಳುವವರು ಅಪರೂಪ.

ಗೆರೆಯ ಉದ್ದಕ್ಕೂ ಬಿರುಕು: ಹವೆಯ ಪಾಲು

ಒಂದೇ ಕಾಗದ, ಒಂದೇ ಕೈ, ಆದರೆ ಕೆಲವು ದಿನ ಮಡಿಕೆಗಳು ಸಿಡಿದು ಸೀಳುತ್ತವೆ ಎಂಬ ದೂರು ನಮ್ಮ ಕಡೆ ಫೆಬ್ರುವರಿ ಕಳೆದ ಮೇಲೆ ಶುರುವಾಗುತ್ತದೆ. ಕಾಗದದ ನಾರುಗಳು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತವೆ, ತೇವ ಕಳೆದುಕೊಂಡು ಪೆಡಸಾಗುತ್ತವೆ. ಮಳೆನೆರಳಿನ ಚಳ್ಳಕೆರೆ, ಹಿರಿಯೂರು ಕಡೆಯ ಬೇಸಿಗೆಯ ಮಧ್ಯಾಹ್ನದಲ್ಲಿ, ತಿರುಗುವ ಫ್ಯಾನಿನ ಕೆಳಗೆ, ತೆಳು ಕಾಗದ ಎಷ್ಟು ಒಣಗುತ್ತದೆಂದು ಬೇರೆ ಹೇಳಬೇಕಿಲ್ಲ. ಪತ್ತೆಹಚ್ಚಲು ಅದೇ ಹಾಳೆಯ ಪಟ್ಟಿಯೊಂದನ್ನು ಮಡಿಸಿ, ಉಗುರಿನಿಂದ ಒತ್ತಿ, ಬಿಚ್ಚಿ ಬೆಳಕಿಗೆ ಹಿಡಿಯಬೇಕು. ಗೆರೆಯಲ್ಲಿ ಬೆಳಕಿನ ಚುಕ್ಕಿಗಳು ಕಂಡರೆ ನಾರು ತುಂಡಾಗುತ್ತಿದೆ. ಚೌಕಗಳನ್ನು ಮುಚ್ಚಳದ ಡಬ್ಬಿಯಲ್ಲಿ, ಹಿಂಡಿದ ಒದ್ದೆ ಬಟ್ಟೆಯ ತುಂಡೊಂದರ ಜೊತೆ, ಬಟ್ಟೆ ತಾಗದಂತೆ ಸ್ವಲ್ಪ ಹೊತ್ತು ಇಟ್ಟರೆ ಹದ ಬರುತ್ತದೆ. ದಿನಗಟ್ಟಲೆ ಇಟ್ಟರೆ ಬೂಷ್ಟು ಹಿಡಿಯುವ ಅಪಾಯವಿದೆ, ಗಂಜಿ ಹಾಕಿದ ಕಾಗದಕ್ಕಂತೂ ಇನ್ನೂ ಹೆಚ್ಚು. ನನ್ನನ್ನು ಕೇಳಿದರೆ, ಬೇಸಿಗೆಯಲ್ಲಿ ಮಡಿಸುವ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಇವೆಲ್ಲಕ್ಕಿಂತ ಸುಲಭ. ಆಗ ಫ್ಯಾನೂ ಬೇಡ, ಬೆರಳು ಬೆವರುವುದೂ ಇಲ್ಲ.

ಬಿರುಕು ಒಂದು ದಿಕ್ಕಿನ ಗೆರೆಗಳಲ್ಲಿ ಮಾತ್ರ ಇದ್ದು, ಅದಕ್ಕೆ ಲಂಬವಾದ ಗೆರೆಗಳು ಚೊಕ್ಕಟವಾಗಿದ್ದರೆ ಹವೆಯನ್ನು ದೂರಬೇಡಿ. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ಅವುಗಳಿಗೆ ಅಡ್ಡಲಾಗಿ ಬಿದ್ದ ಮಡಿಕೆ ಸೀಳುತ್ತದೆ. ಕೊಕ್ಕರೆಗೆ ಎಲ್ಲ ದಿಕ್ಕಿನ ಮಡಿಕೆಗಳೂ ಬೇಕಾದ್ದರಿಂದ ಹಾಳೆಯನ್ನು ತಿರುಗಿಸಿ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಇನ್ನೂ ತೆಳುವಾದ ಕಾಗದಕ್ಕೆ ಹೋಗಬೇಕು. ಬೇಗಡೆ ಕಾಗದದಲ್ಲಿ ಬಿರುಕು ಬಿದ್ದರೆ ಅದರ ಕಾರಣ ಬೇರೆ. ಲೋಹದ ಪೊರೆ ಒಮ್ಮೆ ಮಡಿಸಿದ ಗೆರೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಅದನ್ನೇ ಹಿಂದಕ್ಕೆ ಮಡಿಸಿದರೆ ಒಡೆಯುತ್ತದೆ. ಚಾಕೊಲೇಟಿನ ಬೇಗಡೆಯಲ್ಲಿ ಮಡಿಸುವವರು ಗೆರೆ ಹಾಕಿ ಬಿಚ್ಚುವ ಹಂತಗಳನ್ನು ಆದಷ್ಟು ಬಿಟ್ಟು ನೇರವಾಗಿ ಮಡಿಸಲು ಕಲಿಯಬೇಕು. ಕತ್ತು ನಿಲ್ಲಿಸುವುದರಲ್ಲಿ ಮಾತ್ರ ಬೇಗಡೆಗೆ ಸಮಾನವಾದುದು ಇಲ್ಲ.

ಚಿತ್ರದುರ್ಗದವರಿಗೆ ಇನ್ನೊಂದು ತೊಂದರೆಯಿದೆ. ಊರಿನ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಕಿಟಕಿ ತೆರೆದರೆ ಕತ್ತರಿಸಿಟ್ಟ ಚೌಕಗಳು ಒಂದೂ ಮೇಜಿನ ಮೇಲಿರುವುದಿಲ್ಲ. ಅಂಚಿರುವ ಸ್ಟೀಲ್ ತಟ್ಟೆಯೊಳಗೆ ಕರಿಯ ಬಟ್ಟೆ ಹಾಸಿ ಅದರಲ್ಲೇ ಕೆಲಸ ಮಾಡಿದರೆ ಗಾಳಿಯ ಕಾಟವೂ ಇಲ್ಲ, ಬಿದ್ದ ಹಕ್ಕಿಯನ್ನು ನೆಲದಲ್ಲಿ ಹುಡುಕುವ ಕೆಲಸವೂ ಇಲ್ಲ.

ಕಲೆ, ಗೀರು, ಸೂಜಿಯ ತೂತು

ಇವು ಉಪಕರಣದ ಮತ್ತು ಬೆರಳಿನ ದೋಷಗಳು, ಬೇಗ ಮುಗಿಸಬಹುದು. ಹೊಲಿಗೆಯ ಸೂಜಿಯ ಮೊನೆ ಕಾಗದವನ್ನು ಚುಚ್ಚುತ್ತದೆ, ಅದನ್ನು ಉಪ್ಪುಕಾಗದದ ಮೇಲೆ ಉಜ್ಜಿ ಮೊಂಡಾಗಿಸಿ ಬಳಸಬೇಕು. ಸಣ್ಣ ದಬ್ಬಳದ ಹಿಂಬದಿಯೂ ಆಗುತ್ತದೆ. ಹುಬ್ಬು ಕೀಳುವ ಚಿಮುಟದ ಒಳಮೈಯಲ್ಲಿ ಗೀರುಗಳಿದ್ದು ಅವು ಕಾಗದದ ಮೇಲೆ ಅಚ್ಚಾಗುತ್ತವೆ. ಅಕ್ಕಸಾಲಿಗರೂ ಗಡಿಯಾರ ರಿಪೇರಿಯವರೂ ಬಳಸುವ ನಯವಾದ ಚೂಪು ಚಿಮುಟ ಒಂದಿದ್ದರೆ ಅನೇಕ ತೊಂದರೆಗಳು ಇಲ್ಲವಾಗುತ್ತವೆ. ಟಿಶ್ಯೂ ಒಂದೆಡೆ ಗಾಜಿನಂತೆ ಪಾರದರ್ಶಕವಾಗಿದ್ದರೆ ಅದು ಎಣ್ಣೆ ಕಲೆ. ಬೆಣ್ಣೆ ದೋಸೆ ತಿಂದ ಕೈಯನ್ನು ಬರಿ ನೀರಿನಲ್ಲಿ ತೊಳೆದು ಕೂತವರಲ್ಲಿ ಇದು ಸಾಮಾನ್ಯ, ಸೋಪು ಹಾಕಿ ತೊಳೆದು ಪೂರ್ತಿ ಒಣಗಿದ ಮೇಲೆ ಕಾಗದ ಮುಟ್ಟಬೇಕು. ಪೌಡರ್ ಹಚ್ಚಿಕೊಳ್ಳುವುದು ಬೇಡ, ಅದು ಮಡಿಕೆಯೊಳಗೆ ತುಂಬಿ ಪದರಗಳನ್ನು ದೂರ ಮಾಡುತ್ತದೆ. ನಲವತ್ತು ದಾಟಿದವರು ಹತ್ತಿರದ ನೋಟಕ್ಕೆ ಕನ್ನಡಕ ಅಥವಾ ಸ್ಟ್ಯಾಂಡಿನ ಭೂತಗನ್ನಡಿ ಇಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ. ಕಣ್ಣು ಸರಿಯಾಗಿ ಕಾಣದ ತಪ್ಪನ್ನು ಕೈಯ ಮೇಲೆ ಹೊರಿಸುವುದು ನ್ಯಾಯವಲ್ಲ.

ರೆಕ್ಕೆಗಳ ಏರುಪೇರು

ಹಕ್ಕಿಯನ್ನು ಎದುರಿನಿಂದ ನೋಡಿದಾಗ ಒಂದು ರೆಕ್ಕೆ ಎತ್ತರದಲ್ಲಿದ್ದು, ಹಕ್ಕಿ ಪಕ್ಕಕ್ಕೆ ವಾಲಿದರೆ, ರೆಕ್ಕೆ ಮಡಿಸಿದ ಗೆರೆಗಳು ಎರಡೂ ಕಡೆ ಒಂದೇ ಮಟ್ಟದಲ್ಲಿಲ್ಲ. ಬೆನ್ನಿನ ತ್ರಿಕೋನದ ತುದಿಯನ್ನು ಗುರುತಾಗಿ ಇಟ್ಟುಕೊಂಡು, ಎರಡು ರೆಕ್ಕೆಗಳನ್ನೂ ಅದರಿಂದ ಸಮದೂರದಲ್ಲಿ ಇಳಿಸಬೇಕು. ಗೆರೆಗಳು ಸಮವಾಗಿದ್ದೂ ವಾಲುತ್ತಿದ್ದರೆ ಹಿಂದಿನ ದಳ ಮಡಿಕೆ ಮುಂದಿನದಕ್ಕಿಂತ ಚಿಕ್ಕದಾಗಿದೆ. ಮುಂಭಾಗವನ್ನು ಎಚ್ಚರದಿಂದ ಮಡಿಸಿ, ತಿರುಗಿಸಿದ ಮೇಲೆ ಆತುರ ಪಡುವುದು ಎಲ್ಲರ ಸ್ವಭಾವ. ಹಕ್ಕಿ ತಳದ ಹಂತದಲ್ಲೇ ಎರಡು ರೆಕ್ಕೆಗಳ ತುದಿಗಳನ್ನು ಜೋಡಿಸಿ ನೋಡಿದರೆ ಇದು ಗೊತ್ತಾಗುತ್ತದೆ, ಅಲ್ಲಿ ತಿದ್ದಬಹುದು. ಕತ್ತು ಎತ್ತಿದ ಮೇಲೆ ತಿದ್ದಲಾಗದು.

ವಾರ ಕಳೆದ ಮೇಲೆ ಹಕ್ಕಿ ಅರಳುವುದು

ಮಡಿಸಿದ ದಿನ ಚೆನ್ನಾಗಿದ್ದ ಹಕ್ಕಿ ಮಳೆಗಾಲದ ಕೆಲವು ದಿನಗಳಲ್ಲಿ ಕತ್ತು ಬಿಚ್ಚಿ, ರೆಕ್ಕೆ ಜೋತುಹಾಕಿ ನಿಂತರೆ, ತೇವಕ್ಕೆ ನಾರುಗಳು ತಮ್ಮ ಹಳೆಯ ಸ್ಥಿತಿಗೆ ಮರಳುತ್ತಿವೆ. ತಡೆಯಲು ಹಕ್ಕಿ ತಳದ ಹಂತದಲ್ಲಿ, ಕವಲುಗಳನ್ನು ಕಿರಿದಾಗಿಸಿದ ಕೂಡಲೇ, ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಮೇಲೆ ತೂಕ ಹೇರಿ ಒಂದು ರಾತ್ರಿ ಬಿಡಬೇಕು. ಮುಗಿದ ಹಕ್ಕಿಗಳನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ, ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಪೊಟ್ಟಣದೊಂದಿಗೆ ಇಡಬಹುದು.

ದಾರಕ್ಕೆ ಪೋಣಿಸಿದ ಮೇಲೆ ಅರಳಿದರೆ ಅಂಟನ್ನು ಅನುಮಾನಿಸಬೇಕು. ಪೋಣಿಸುವ ಸೂಜಿ ಹೊಟ್ಟೆಯ ಸಂದಿನಿಂದ ಹೊಕ್ಕು ಬೆನ್ನಿನ ತುದಿಯಿಂದ ಹೊರಬರುತ್ತದೆ, ಹಕ್ಕಿ ಜಾರದಿರಲೆಂದು ಅಡಿಯಲ್ಲಿ ಬಿಳಿ ಅಂಟಿನ ತೊಟ್ಟು ಹಾಕುತ್ತೇವೆ. ಆ ಅಂಟಿನಲ್ಲಿರುವ ನೀರು ಟಿಶ್ಯೂಗೆ ಹರಡಿ, ಗಂಜಿಯನ್ನು ಸಡಿಲಿಸಿ, ಕತ್ತಿನ ಬುಡವನ್ನು ಬಿಚ್ಚಿಸುತ್ತದೆ. ಅಂಟನ್ನು ಹಕ್ಕಿಗೆ ಹಾಕದೆ ದಾರಕ್ಕೆ ಹಚ್ಚಿ, ಬೆರಳಿಗೆ ಜಿಗುಟು ಅನ್ನಿಸುವಷ್ಟು ಆರಿದ ಮೇಲೆ ಹಕ್ಕಿಯನ್ನು ಅದರ ಮೇಲಕ್ಕೆ ಸರಿಸಿದರೆ ಒಂದು ಹನಿ ನೀರೂ ಕಾಗದಕ್ಕೆ ಹೋಗುವುದಿಲ್ಲ.